ಉಸಿರಿಗೆ ವಾರ, ಎಲುಬಿಗೆ ತಿಂಗಳು

ಓಟವೆಂದರೆ ಉಡುಪಿ ಸೀಮೆಯ ನಮಗೆ ಮೊದಲು ಕಣ್ಣಿಗೆ ಕಟ್ಟುವುದು ಕಂಬಳ. ಮಿಯ್ಯಾರಿನಲ್ಲಾಗಲಿ, ಕಟಪಾಡಿಯಲ್ಲಾಗಲಿ, ಓಟದ ಗದ್ದೆಯಾದ ಕರೆಯ ಬದಿಯಲ್ಲಿ ನಿಂತವರು ಮುಖಕ್ಕೆ ಹಾರಿದ ಕೆಸರು ನೀರನ್ನು ಒರೆಸಿಕೊಳ್ಳುವಷ್ಟರಲ್ಲಿ ಕೋಣಗಳು ಆರಂಭದ ಗಂತಿನಿಂದ ಹೊರಟು ಕೊನೆಯ ಮಂಜೊಟ್ಟಿ ಮುಟ್ಟಿರುತ್ತವೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ ಓಡಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಕೆಲವೇ ದಿನಗಳಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿಯವರು ವೇಣೂರಿನಲ್ಲಿ ಇನ್ನೂ ತುಸು ವೇಗವಾಗಿ ಓಡಿದ ಸುದ್ದಿ ಬಂತು. ಕೋಣಗಳ ಎಳೆತ ಸೇರಿದ ಓಟವನ್ನು ಒಬ್ಬಂಟಿ ಓಟದ ಜೊತೆ ತೂಗಲು ಬರುವುದಿಲ್ಲ, ನಿಜ. ಆದರೂ ಹದಿಮೂರೂವರೆ ಸೆಕೆಂಡು ಕೆಸರಿನಲ್ಲಿ ಆ ವೇಗವನ್ನು ತಾಳಿಕೊಳ್ಳುವ ಕಾಲುಗಳ ಶಕ್ತಿ ಸಾಮಾನ್ಯದ್ದಲ್ಲ.

ಹೊಸದಾಗಿ ಓಡಲು ಹೊರಡುವ ನಮ್ಮ ಮನಸ್ಸಿನಲ್ಲಿರುವುದು ಇಂಥ ಓಟದ ಚಿತ್ರವೇ. ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ಮುಂಜಾನೆ ಉಡುಪಿಯ ಅಜ್ಜರಕಾಡಿನ ಕ್ರೀಡಾಂಗಣಕ್ಕೆ ಹೋದಾಗ ನನಗೂ ಓಟವೆಂದರೆ ವೇಗ ಎಂದಷ್ಟೇ ಗೊತ್ತಿತ್ತು. 400 ಮೀಟರಿನ ಒಂದು ಸುತ್ತು ಮುಗಿಯುವ ಮೊದಲೇ ಎದೆ ಉರಿದು, ಬಾಯಿ ಒಣಗಿ, ಮೊಣಕಾಲಿಗೆ ಕೈ ಊರಿ ನಿಂತುಬಿಟ್ಟೆ. ದಿನಾ ನಡೆಯಲು ಬರುತ್ತಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ಹಾದುಹೋಗುತ್ತ, "ಮೆಲ್ಲ ಪೋಲೆ ಮಾರಾಯ್ರೆ" ಎಂದರು, ಮೆಲ್ಲ ಹೋಗಿ ಎಂದು. ಅವರು ಹೇಳಿದ ಆ ಒಂದು ಮಾತಿನಲ್ಲಿ ಎಷ್ಟು ಶರೀರಶಾಸ್ತ್ರ ಅಡಗಿದೆ ಎಂದು ತಿಳಿಯಲು ನನಗೆ ವರ್ಷವೇ ಹಿಡಿಯಿತು.

ಮೂರು ಬಗೆಯ ಇಂಧನ

ಸ್ನಾಯು ಕೆಲಸ ಮಾಡುವುದು ಎಟಿಪಿ ಎಂಬ ರಾಸಾಯನಿಕದ ಬಲದಿಂದ. ಅದರ ದಾಸ್ತಾನು ಒಂದೆರಡು ಸೆಕೆಂಡಿಗಷ್ಟೇ ಸಾಕು. ಹಾಗಾಗಿ ದೇಹ ಅದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ತಯಾರಿಸಬೇಕು, ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಕ್ರಿಯಾಟಿನ್ ಫಾಸ್ಫೇಟ್. ಇದು ಅತಿ ವೇಗದ್ದು, ಸುಮಾರು ಹತ್ತು ಸೆಕೆಂಡಿನಲ್ಲಿ ಬಹುಪಾಲು ಬರಿದಾಗುತ್ತದೆ. ಎರಡನೆಯದು ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆಯುವ ದಾರಿ. ಇದು ಒಂದೆರಡು ನಿಮಿಷ ಜೋರಾಗಿ ಎಳೆಯುತ್ತದೆ, ಆದರೆ ಸ್ನಾಯುವಿನೊಳಗೆ ಆಮ್ಲೀಯತೆ ಏರುತ್ತದೆ. ಮೂರನೆಯದು ಆಮ್ಲಜನಕ ಬಳಸಿ ಸಕ್ಕರೆಯನ್ನೂ ಕೊಬ್ಬನ್ನೂ ಉರಿಸುವ ದಾರಿ. ನಿಧಾನ, ಆದರೆ ಗಂಟೆಗಟ್ಟಲೆ ನಡೆಯುತ್ತದೆ.

ಕಂಬಳದ ಹದಿಮೂರು ಸೆಕೆಂಡು ಬಹುತೇಕ ಮೊದಲೆರಡು ದಾರಿಗಳ ಓಟ. ಅರ್ಧ ಗಂಟೆಯ ಓಟ ಬಹುಪಾಲು ಮೂರನೆಯದನ್ನೇ ನಂಬಿದೆ. ಅಜ್ಜರಕಾಡಿನಲ್ಲಿ ಒಂದು ಸುತ್ತಿಗೇ ಕುಸಿದವನ ಶ್ವಾಸಕೋಶ ದುರ್ಬಲವಾಗಿರಲಿಲ್ಲ. ದೂರ ಹೋಗಬೇಕಾದವನು ಹತ್ತಿರದ ಇಂಧನವನ್ನು ಸುಟ್ಟುಕೊಂಡಿದ್ದ, ಅಷ್ಟೆ.

ಹಾಗಾದರೆ ಮೂರನೆಯ ದಾರಿಯಲ್ಲೇ ಇದ್ದೇವೆಂದು ತಿಳಿಯುವುದು ಹೇಗೆ? ಗಡಿಯಾರವಾಗಲಿ ಉಪಕರಣವಾಗಲಿ ಬೇಕಿಲ್ಲ. ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಮೂರು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜಾಸ್ತಿಯಾಯಿತು. ಇದರ ಹಿಂದೆ ಗಟ್ಟಿ ಕಾರಣವಿದೆ. ಎರಡನೆಯ ದಾರಿ ಜೋರಾದಾಗ ಹುಟ್ಟುವ ಆಮ್ಲವನ್ನು ರಕ್ತದ ಬೈಕಾರ್ಬನೇಟ್ ತಟಸ್ಥಗೊಳಿಸುತ್ತದೆ. ಆಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಅದನ್ನು ಹೊರಹಾಕಲು ಉಸಿರು ಒಮ್ಮೆಲೇ ಏರುತ್ತದೆ. ಮಾತು ತುಂಡಾಗುವುದು ಈ ರಸಾಯನದ ಸೂಚನೆ. ಹೊಸಬರಿಗೆ ಈ ವೇಗ ಬಿರುಸು ನಡಿಗೆಗಿಂತ ಕೊಂಚ ಹೆಚ್ಚು, ಅಷ್ಟೇ ಇರಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕಂಡಕ್ಟರ್ ಹೃದಯ

ಇಷ್ಟು ಮೆಲ್ಲ ಓಡಿದರೆ ಪ್ರಯೋಜನವಿದೆಯೇ ಎಂಬ ಸಂಶಯ ಬರುವುದು ಸಹಜ. ಅದಕ್ಕೆ ಮೊದಲ ಉತ್ತರ ಸಿಕ್ಕಿದ್ದು ಓಟದ ಮೈದಾನದಲ್ಲಲ್ಲ, ಬಸ್ಸಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ನಗರದ ಸಾವಿರಾರು ಬಸ್ ನೌಕರರ ಆರೋಗ್ಯದ ದಾಖಲೆ ಪರಿಶೀಲಿಸಿದರು. ದಿನವಿಡೀ ಕೂತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. 1953ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ದೈಹಿಕ ಚಟುವಟಿಕೆ ಮತ್ತು ಹೃದಯದ ಸಂಬಂಧದ ಆಧುನಿಕ ಸಂಶೋಧನೆ ಶುರುವಾಯಿತು. ಉಡುಪಿಯ ಖಾಸಗಿ ಬಸ್ಸುಗಳಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಓಡಾಡುವ, ಪ್ರತಿ ಸ್ಟಾಪಿನಲ್ಲೂ ಇಳಿದು ಹತ್ತುವ ಕಂಡಕ್ಟರುಗಳನ್ನು ನೋಡಿದವರಿಗೆ ಮಾರಿಸ್ ಕಂಡದ್ದು ಸುಲಭವಾಗಿ ಅರ್ಥವಾಗುತ್ತದೆ.

ಓಟದ ಬಗ್ಗೆಯೇ ನೇರ ಉತ್ತರ ಬಂದದ್ದು 2014ರಲ್ಲಿ. ಅಮೆರಿಕದ 55,137 ವಯಸ್ಕರನ್ನು ಸರಾಸರಿ 15 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಓಡದವರಿಗೆ ಹೋಲಿಸಿದರೆ ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವಿನ ಸಾಧ್ಯತೆ ಶೇ 45ರಷ್ಟು ಕಡಿಮೆಯಿತ್ತು. ದಿನಕ್ಕೆ 5ರಿಂದ 10 ನಿಮಿಷ, ಅದೂ ಗಂಟೆಗೆ 10 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಓಡಿದವರಲ್ಲೂ ಗಣನೀಯ ಲಾಭ ಕಂಡಿತು. ಓಡುವವರು ಬೇರೆ ವಿಷಯಗಳಲ್ಲೂ ಆರೋಗ್ಯವಂತರಿರಬಹುದು, ಆದ್ದರಿಂದ ಇಡೀ ಲಾಭ ಓಟದ್ದೇ ಎನ್ನಲಾಗದು. ಆದರೂ ವೇಗವಿಲ್ಲದ ಸ್ವಲ್ಪ ಓಟವೂ ವ್ಯರ್ಥವಲ್ಲ ಎಂಬುದಕ್ಕೆ ಇಷ್ಟು ಆಧಾರ ಸಾಕು.

ಮೂರನೆಯ ವಾರದ ನೋವು

ಹಿರಿಯರ ಮಾತು ಕೇಳಿ ನಾನು ವೇಗ ಇಳಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಮೂರನೆಯ ವಾರ ನಿಲ್ಲದೆ ಆರು ಸುತ್ತು ಓಡಿದೆ. ಆ ಖುಷಿಯಲ್ಲಿ ವಾರಕ್ಕೆ ಮೂರು ದಿನದ ಓಟವನ್ನು ಆರು ದಿನ ಮಾಡಿದೆ. ವಾರದ ಕೊನೆಗೆ ಕಣಕಾಲಿನ ಒಳಬದಿಯ ಎಲುಬಿನುದ್ದಕ್ಕೂ ನೋವು ಶುರುವಾಯಿತು. ಫಿಸಿಯೋಥೆರಪಿಸ್ಟ್ ಒಬ್ಬರು ಎಲುಬಿನ ಮೇಲೆ ಬೆರಳಿಟ್ಟು ಒತ್ತಿ ನೋಡಿ, ಆರು ವಾರ ಓಟ ಬೇಡ, ನಡೆಯಿರಿ ಎಂದರು. ಆಗ ಅವರು ವಿವರಿಸಿದ ಸಂಗತಿಯೇ ಈ ಲೇಖನದ ಹುರುಳು: ದೇಹದ ಎಲ್ಲ ಭಾಗಗಳೂ ಓಟವನ್ನು ಒಂದೇ ವೇಗದಲ್ಲಿ ಕಲಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ಕಲಿಯುವುದು ರಕ್ತ. ಓಟ ಶುರುವಾದ ಒಂದೆರಡು ವಾರಗಳಲ್ಲೇ ರಕ್ತದ ನೀರಿನಂಶವಾದ ಪ್ಲಾಸ್ಮಾ ಹೆಚ್ಚುತ್ತದೆ. ಹೃದಯಕ್ಕೆ ಹೆಚ್ಚು ರಕ್ತ ತುಂಬುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಹೋಗುತ್ತದೆ. ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ. ಮೂರನೆಯ ವಾರ ನನಗಾದ ಹಗುರಕ್ಕೆ ಮುಖ್ಯ ಕಾರಣ ಇದು.

ಬಳಿಕ ಕಲಿಯುವುದು ಸ್ನಾಯು. 1967ರಲ್ಲಿ ಅಮೆರಿಕದ ಜಾನ್ ಹೊಲೊಸಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಾಗಳ ಕಿಣ್ವಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾದದ್ದನ್ನು ತೋರಿಸಿದರು. ಆಮ್ಲಜನಕ ಬಳಸಿ ಇಂಧನ ಉರಿಸುವ ಒಲೆಗಳೆಂದರೆ ಈ ಮೈಟೊಕಾಂಡ್ರಿಯಾಗಳೇ. ಅವು ಹೆಚ್ಚುತ್ತವೆ, ಸ್ನಾಯುವಿನ ಎಳೆಗಳ ಸುತ್ತ ಹೊಸ ಲೋಮನಾಳಗಳು ಚಿಗುರುತ್ತವೆ. ಇದಕ್ಕೆಲ್ಲ ವಾರಗಳು ಹಿಡಿಯುತ್ತವೆ.

ಎಲ್ಲಕ್ಕಿಂತ ತಡವಾಗಿ ಕಲಿಯುವವು ಎಲುಬು ಮತ್ತು ಸ್ನಾಯುರಜ್ಜು. ಸ್ನಾಯುರಜ್ಜಿಗೆ ರಕ್ತದ ಹರಿವು ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ಎಲುಬಿನ ಕಥೆ ಇನ್ನೂ ಸ್ವಾರಸ್ಯದ್ದು. ಹೊಸ ಹೊರೆ ಬಿದ್ದಾಗ ಎಲುಬು ಮೊದಲು ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಎಲುಬನ್ನು ಕರಗಿಸಿ ಸೂಕ್ಷ್ಮ ಸುರಂಗ ಕೊರೆಯುತ್ತವೆ. ಹಿಂದಿನಿಂದ ಆಸ್ಟಿಯೊಬ್ಲಾಸ್ಟ್ ಕೋಶಗಳು ಬಂದು ಹೊಸ ಎಲುಬು ಕಟ್ಟುತ್ತವೆ. ಕೆಡಹುವ ಕೆಲಸ ಕೆಲವೇ ವಾರಗಳದ್ದು. ಕಟ್ಟಿ, ಖನಿಜ ತುಂಬಿ ಗಟ್ಟಿಯಾಗಲು ಮೂರು ನಾಲ್ಕು ತಿಂಗಳು. ಮನೆಯ ಹಳೆ ಮಾಡಿನ ಹಂಚು ಇಳಿಸಿದ ಮೇಲೆ ಹೊಸತು ಹೊದಿಸುವವರೆಗಿನ ದಿನಗಳಂತೆ, ಈ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತ ದುರ್ಬಲ. ಆಗಲೇ ಮಳೆ ಜೋರಾದರೆ ನೀರು ಒಳಗೆ ಬರುತ್ತದೆ.

ಆ ಮಳೆ ಎಷ್ಟು ಜೋರು ಎಂದು ಲೆಕ್ಕ ಹಾಕಬಹುದು. ನಡೆಯುವಾಗ ಒಂದಲ್ಲ ಒಂದು ಪಾದ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಎರಡೂ ಪಾದ ಗಾಳಿಯಲ್ಲಿರುವ ಕ್ಷಣವಿದೆ, ಆಮೇಲೆ ಇಡೀ ದೇಹ ಒಂದು ಕಾಲಿನ ಮೇಲೆ ಇಳಿಯುತ್ತದೆ. ಆಗ ನೆಲದಿಂದ ಬರುವ ಬಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. 65 ಕಿಲೋ ತೂಕದವರಿಗೆ ಅದು 160 ಕಿಲೋಗೂ ಮಿಕ್ಕು. ನಿಮಿಷಕ್ಕೆ 160 ಹೆಜ್ಜೆಯಂತೆ 20 ನಿಮಿಷ ಓಡಿದರೆ ಒಂದೊಂದು ಕಾಲಿಗೂ 1,600 ಬಾರಿ ಈ ಹೊಡೆತ. ಇದು ಎಲುಬಿಗೆ ಬೇಕಾದ ಹೊಡೆತವೇ. ಹೊರೆಗೆ ತಕ್ಕಂತೆ ಎಲುಬು ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಆದರೆ ಹೊಡೆತಗಳ ನಡುವೆ ಕಟ್ಟುವವರಿಗೆ ಬಿಡುವು ಸಿಗಬೇಕು. ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಹಳೆಯ ಸಾಕ್ಷಿಯಿದೆ. 1855ರಲ್ಲಿ ಪ್ರಶ್ಯದ ಸೇನಾ ವೈದ್ಯ ಬ್ರೈತ್‌ಹೌಪ್ಟ್, ದೀರ್ಘ ಕವಾಯತಿನ ಬಳಿಕ ಸೈನಿಕರ ಪಾದ ಊದಿ ನೋಯುವುದನ್ನು ದಾಖಲಿಸಿದರು. ಎಕ್ಸ್-ರೇ ಬಂದ ಮೇಲಷ್ಟೇ ಅದು ಪಾದದ ಎಲುಬಿನ ಸೂಕ್ಷ್ಮ ಬಿರುಕು ಎಂದು ತಿಳಿಯಿತು.

ಹೊಸ ಓಟಗಾರನ ಅಪಾಯ ಇರುವುದು ಇಲ್ಲೇ. ಉಸಿರು ಸಿದ್ಧವಾಗಿ, ಇನ್ನೂ ಓಡು ಎನ್ನುವ ಹೊತ್ತಿನಲ್ಲಿ ಎಲುಬು ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ಉಸಿರು ಏದುಸಿರಾಗಿ ಕೂಡಲೇ ದೂರು ಹೇಳುತ್ತದೆ. ಎಲುಬು ದೂರು ಹೇಳುವ ಹೊತ್ತಿಗೆ ತಡವಾಗಿರುತ್ತದೆ.

ಒಂದು ನಿಮಿಷದ ಓಟ

ಈ ತಿಳಿವಳಿಕೆಗೆ ಹೊಂದುವ ಸರಳ ಕ್ರಮವೊಂದನ್ನು 1996ರಲ್ಲಿ ಅಮೆರಿಕದ ಜಾಷ್ ಕ್ಲಾರ್ಕ್ ರೂಪಿಸಿದರು. ಇಂದು ಜಗತ್ತಿನೆಲ್ಲೆಡೆ ಅನೇಕ ಹೊಸಬರು ಅನುಸರಿಸುವುದು ಅದನ್ನೇ. ಮೊದಲು ಐದು ನಿಮಿಷ ಬಿರುಸು ನಡಿಗೆ. ಬಳಿಕ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಮಾತ್ರ. ವಾರ ಕಳೆದಂತೆ ಓಟದ ಪಾಲು ಹೆಚ್ಚುತ್ತ, ಒಂಬತ್ತನೆಯ ವಾರಕ್ಕೆ ನಿಲ್ಲದೆ ಅರ್ಧ ಗಂಟೆ ಓಡುವಂತಾಗುತ್ತದೆ. ಒಂಬತ್ತು ವಾರ ಹದಿನಾಲ್ಕಾದರೂ ತೊಂದರೆಯಿಲ್ಲ. ಯಾವ ವಾರ ಕಷ್ಟವಾಯಿತೋ ಅದನ್ನೇ ಮತ್ತೊಮ್ಮೆ ಮಾಡಿದರಾಯಿತು. ಓಟವಿಲ್ಲದ ನಾಲ್ಕು ದಿನಗಳು ಎಲುಬು ಕಟ್ಟುವ ದಿನಗಳು, ಅವನ್ನು ಸೋಮಾರಿತನದ ಲೆಕ್ಕಕ್ಕೆ ಹಾಕಬಾರದು.

ಹೆಜ್ಜೆ ಚಿಕ್ಕದಿರಲಿ. ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿದರೆ ಮೊಣಕಾಲು ಮತ್ತು ಸೊಂಟದ ಕೀಲಿನ ಮೇಲಿನ ಭಾರ ತಗ್ಗುತ್ತದೆ ಎಂದು 2011ರ ಅಮೆರಿಕದ ಅಧ್ಯಯನ ತೋರಿಸಿದೆ. ಶೂ ಬೆಲೆಬಾಳುವುದೇ ಆಗಬೇಕಿಲ್ಲ, ಹಾಕಿಕೊಂಡಾಗ ಎಲ್ಲೂ ಒತ್ತದೆ ಹಿತವಾಗಿದ್ದರೆ ಸಾಕು. ಓಡಿದರೆ ಮೊಣಕಾಲು ಸವೆಯುತ್ತದೆ ಎಂಬ ಭಯ ಮನೆಮನೆಯಲ್ಲಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ, ಆರೋಗ್ಯಕ್ಕಾಗಿ ಓಡುವವರಲ್ಲಿ ಮೊಣಕಾಲು ಅಥವಾ ಸೊಂಟದ ಸಂಧಿ ಸವೆತ ಶೇ 3.5ರಷ್ಟು ಮಂದಿಗೆ ಇತ್ತು. ಓಡದೆ ಕೂತವರಲ್ಲಿ ಶೇ 10.2, ಸ್ಪರ್ಧೆಗಾಗಿ ಓಡುವವರಲ್ಲಿ ಶೇ 13.3. ಹಿತಮಿತವಾದ ಓಟ ಕೀಲಿನ ಶತ್ರುವಲ್ಲ.

ನಾಲ್ಕು ನೆಲಗಳು

ನಮ್ಮ ಊರಿನ ಓಟಗಾರರಿಗೆ ಒಂದು ಭಾಗ್ಯವಿದೆ. ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ ನಾಲ್ಕು ಬಗೆಯ ನೆಲ ಸಿಗುತ್ತದೆ, ಒಂದೊಂದೂ ಒಂದೊಂದು ಪಾಠ.

ಮೊದಲ ತಿಂಗಳುಗಳಿಗೆ ಸಮತಟ್ಟು ನೆಲವೇ ಸೂಕ್ತ. ಅಜ್ಜರಕಾಡಿನ ಟ್ರ್ಯಾಕ್ ಅಂಥದ್ದು. ಮಣಿಪಾಲದ ಮಣ್ಣಪಳ್ಳದ ಕೆರೆಯ ಸುತ್ತಲಿನ ದಾರಿಯೂ ಒಳ್ಳೆಯದು. ವಾಹನಗಳ ಕಾಟವಿಲ್ಲ, ದಣಿದರೆ ಕೂರಲು ಜಾಗವಿದೆ.

ಎರಡನೆಯದು ಇಳಿಜಾರು. ಮಣಿಪಾಲ ಮುರಕಲ್ಲಿನ ಎತ್ತರದ ಗುಡ್ಡದ ಮೇಲಿನ ಊರು. ಇಂದ್ರಾಳಿ, ಲಕ್ಷ್ಮೀಂದ್ರನಗರ ದಾಟಿ ಅಲ್ಲಿಗೆ ಏರುವ ರಸ್ತೆ ಎದೆಬಡಿತವನ್ನು ಏರಿಸುತ್ತದೆ, ಆದರೆ ಕಾಲನ್ನು ಹೆಚ್ಚು ನೋಯಿಸುವುದು ಇಳಿಯುವಾಗಲೇ. ಇಳಿಯುವಾಗ ತೊಡೆಯ ಸ್ನಾಯು ಬಿಗಿದುಕೊಂಡೇ ಉದ್ದವಾಗುತ್ತ ದೇಹಕ್ಕೆ ಬ್ರೇಕ್ ಹಾಕುತ್ತದೆ. ಈ ಬಗೆಯ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಗಾಯವಾಗುತ್ತದೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪನೆಯಾದ 42 ಅಡಿಯ ಗೊಮ್ಮಟನನ್ನು ನೋಡಲು ಬೆಟ್ಟ ಹತ್ತಿದವರಿಗೆ ಇದರ ಅನುಭವವಿರುತ್ತದೆ. ಹತ್ತುವಾಗ ಏದುಸಿರು ಬರುತ್ತದೆ, ತೊಡೆ ನೋಯುವುದು ಮಾತ್ರ ಇಳಿದ ಮಾರನೆಯ ದಿನ. ಈ ನೋವು ಒಂದರಿಂದ ಮೂರು ದಿನದೊಳಗೆ ಏರಿ, ತಾನಾಗಿ ಇಳಿಯುತ್ತದೆ. ಮುಂದಿನ ಸಲ ಅದೇ ಮೆಟ್ಟಿಲು ಅಷ್ಟು ನೋಯಿಸುವುದಿಲ್ಲ. ಎರಡೂ ತೊಡೆಯಲ್ಲಿ ಹರಡಿದ ಇಂಥ ನೋವಿಗೆ ಹೆದರಬೇಕಿಲ್ಲ. ಒಂದೇ ಕಾಲಿನಲ್ಲಿ, ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ದಿನದಿನಕ್ಕೆ ಹೆಚ್ಚುವ ನೋವಿಗೆ ಮಾತ್ರ ಓಟ ನಿಲ್ಲಿಸಲೇಬೇಕು.

ಮೂರನೆಯದು ಮರಳು. 1901ರಿಂದ ನಿಂತಿರುವ ದೀಪಸ್ತಂಭದ ಬುಡದಿಂದ ಹರಡಿದ ಕಾಪುವಿನ ಮರಳು ಓಡಲು ಕರೆಯುತ್ತದೆ. ಆದರೆ ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು ಎಂದು 1998ರ ಅಧ್ಯಯನವೊಂದು ಅಳೆದಿದೆ. ಪಾದ ಒತ್ತಿದ ಬಲದ ಒಂದು ಪಾಲು ಮರಳನ್ನು ಸರಿಸುವುದಕ್ಕೇ ಹೋಗುತ್ತದೆ. ಹಿಮ್ಮಡಿ ಹೂತು, ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜು ಹೆಚ್ಚು ಎಳೆಯಲ್ಪಡುತ್ತವೆ. ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ಓಡಬಹುದು. ದಂಡೆ ಕಡಲಿನ ಕಡೆಗೆ ವಾಲಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ಅದೇ ಜಾಡಿನಲ್ಲಿ ಮರಳಿ ಬಂದರೆ ಎರಡೂ ಕಾಲಿಗೆ ಭಾರ ಸಮನಾಗುತ್ತದೆ.

ನಾಲ್ಕನೆಯದು ಮಳೆಗಾಲದ ನೆಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲು, ಸಿಮೆಂಟ್ ಎಲ್ಲದರ ಮೇಲೂ ಹಾವಸೆ ಕಟ್ಟುತ್ತದೆ. ಅಂಥಲ್ಲಿ ನಡೆಯಬೇಕು, ಓಡಬಾರದು. ರಸ್ತೆಯಲ್ಲಿ ಓಡುವುದಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ತಿಳಿಬಣ್ಣದ ಬಟ್ಟೆಯಲ್ಲಿ ಓಡಬೇಕು. ರಾಷ್ಟ್ರೀಯ ಹೆದ್ದಾರಿ 66 ಓಟದ ಜಾಗವಲ್ಲ.

ಆರದ ಬೆವರು

ಕರಾವಳಿಯ ಹೊಸ ಓಟಗಾರ ಇನ್ನೊಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಒಂದು ಕಿಲೋಮೀಟರ್ ಓಡಲು ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚಾಗುತ್ತದೆ. 60 ಕಿಲೋ ತೂಕದವರು ಗಂಟೆಗೆ 7 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡಿದರೆ ಸುಮಾರು 210 ಕಿಲೋಕ್ಯಾಲರಿ. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 160ರಷ್ಟು, ಬರೀ ಶಾಖವಾಗುತ್ತದೆ. ಈ ಶಾಖ ಹೊರಹೋಗದಿದ್ದರೆ ಅರ್ಧ ಗಂಟೆಯಲ್ಲಿ ಮೈಬಿಸಿ 3 ಡಿಗ್ರಿ ಸೆಲ್ಸಿಯಸ್ ಏರುತ್ತಿತ್ತು. ಅದನ್ನು ಹೊರಹಾಕುವುದು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆರಿದರೆ ಮಾತ್ರ, ನೆಲಕ್ಕೆ ತೊಟ್ಟಿಕ್ಕಿದ ಬೆವರು ಏನನ್ನೂ ತಂಪು ಮಾಡುವುದಿಲ್ಲ.

ಕಡಲ ಗಾಳಿಯಲ್ಲಿ ತೇವ ತುಂಬಿರುವುದರಿಂದ ನಮ್ಮ ಬೆವರು ಆರುವುದಕ್ಕಿಂತ ಸುರಿಯುವುದೇ ಹೆಚ್ಚು. ದೇಹ ಚರ್ಮಕ್ಕೆ ಇನ್ನಷ್ಟು ರಕ್ತ ಕಳಿಸುತ್ತದೆ, ಹೃದಯ ಹೆಚ್ಚು ಬಡಿಯುತ್ತದೆ. ಅದೇ ವೇಗ ಬೆಂಗಳೂರಿನಲ್ಲಿ ಹಗುರ, ಉಡುಪಿಯಲ್ಲಿ ಭಾರ. ಇದು ಓಡುವವರ ದೌರ್ಬಲ್ಯವಲ್ಲ, ಗಾಳಿಯ ಗುಣ. ಏಪ್ರಿಲ್, ಮೇ ತಿಂಗಳಲ್ಲಿ ವೇಗವನ್ನು ಮರೆತು ಮಾತಿನ ಪರೀಕ್ಷೆಯನ್ನಷ್ಟೇ ನಂಬಬೇಕು. ಸೂರ್ಯ ಏರುವ ಮೊದಲೇ ಮುಗಿಸಬೇಕು. ಒಂದೆರಡು ವಾರ ಸೆಕೆಯಲ್ಲಿ ಮೆಲ್ಲ ಓಡಿದರೆ ಬೆವರು ಬೇಗ ಶುರುವಾಗಿ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗಿ ದೇಹ ಹೊಂದಿಕೊಳ್ಳುತ್ತದೆ. ಓಡಿ ಬಂದ ಮೇಲೆ ನೀರು, ಉಪ್ಪು ಬೆರೆತ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಉಪ್ಪಿನಕಾಯಿ: ಕಳೆದುಹೋದ ನೀರು, ಉಪ್ಪು, ಪಿಷ್ಟ ಮೂರೂ ಅದರಲ್ಲಿವೆ. ತಲೆ ತಿರುಗಿದರೆ, ಚಳಿ ಹತ್ತಿದಂತಾದರೆ, ಹೊಟ್ಟೆ ತೊಳಸಿದರೆ ಕೂಡಲೇ ನಿಂತು ನೆರಳು ಸೇರಬೇಕು.

ಎದೆನೋವು, ನಡೆಯುವಾಗಲೇ ಏದುಸಿರು ಇರುವವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವಿದ್ದು ಈವರೆಗೆ ವ್ಯಾಯಾಮ ಮಾಡದವರು, ಮನೆತನದಲ್ಲಿ ಚಿಕ್ಕ ಪ್ರಾಯದಲ್ಲೇ ಹೃದಯಾಘಾತ ಕಂಡವರು ಮೊದಲ ಹೆಜ್ಜೆಗೆ ಮುಂಚೆ ವೈದ್ಯರನ್ನು ಕಾಣಬೇಕು. ವಿಶೇಷವಾಗಿ ಹೆಣ್ಣುಮಕ್ಕಳು, ಎಷ್ಟು ವಾರ ಕಳೆದರೂ ದಣಿವು ಇಳಿಯದಿದ್ದರೆ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಬೇಕು. ಆಮ್ಲಜನಕ ಹೊರುವ ರಕ್ತಕಣಗಳೇ ಕಡಿಮೆಯಿದ್ದಾಗ ಬರೀ ಅಭ್ಯಾಸದಿಂದ ಆ ಕೊರತೆ ತುಂಬುವುದಿಲ್ಲ.

ಆರು ವಾರ ಬರೀ ನಡೆದು, ಮತ್ತೆ ಒಂದು ನಿಮಿಷದ ಓಟದಿಂದಲೇ ನಾನು ಶುರುಮಾಡಿದೆ. ಅರ್ಧ ಗಂಟೆ ನಿಲ್ಲದೆ ಓಡಲು ಐದು ತಿಂಗಳು ಬೇಕಾಯಿತು. ಕಾಪುವಿನ ಒದ್ದೆ ಮರಳಿನಲ್ಲಿ ಜೊತೆಗಾರನ ಸಂಗಡ ಮಾತಾಡುತ್ತ ಓಡಿದ ಆ ಬೆಳಿಗ್ಗೆ, ಅರ್ಧ ಗಂಟೆ ಮುಗಿದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಕಂಬಳದ ಹದಿಮೂರು ಸೆಕೆಂಡನ್ನಷ್ಟೇ ನಾವು ನೋಡುತ್ತೇವೆ. ಅದರ ಹಿಂದಿನ ತಿಂಗಳುಗಳು ಕಾಣುವುದು ಕೋಣ ಸಾಕಿದವರ ಹಟ್ಟಿಯಲ್ಲಿ. ಹುರುಳಿ ಬೇಯಿಸಿ ತಿನ್ನಿಸುವುದು, ಎಣ್ಣೆ ಹಚ್ಚಿ ತಿಕ್ಕುವುದು, ಈಜಿಸುವುದು, ಋತು ಶುರುವಾಗುವ ಮೊದಲು ಕುದಿ ಕಂಬಳದಲ್ಲಿ ಓಡಿಸಿ ಪಳಗಿಸುವುದು, ಓಡಿದ ಮೇಲೆ ವಿಶ್ರಾಂತಿ ಕೊಡುವುದು. ಅಭ್ಯಾಸವಿಲ್ಲದ ಕೋಣವನ್ನು ಹಟ್ಟಿಯಿಂದ ಬಿಚ್ಚಿ ನೇರ ಕರೆಗೆ ಇಳಿಸುವ ಯಜಮಾನ ಈ ಸೀಮೆಯಲ್ಲಿಲ್ಲ. ಕೋಣದ ಕಾಲಿಗೆ ತೋರುವ ಆ ತಾಳ್ಮೆ ನಮ್ಮ ಕಾಲಿಗೂ ಸಲ್ಲಬೇಕು.